ಇಡೀ ತಟ್ಟೆಯ ಪಾಲು

ಸಹಿ ಮಾಡಲು ಬಿಚ್ಚಿದ ಪೆನ್ನನ್ನು ಗಿರಿಜಾದೇವಿ ಮತ್ತೆ ಮುಚ್ಚಿದರು. "ಶಶಿ, ಇನ್ನೊಮ್ಮೆ ತಿಳಿಸಿ ಹೇಳಪಾ."

ಲಂಡನ್ನಿನ ಹ್ಯಾರೋದ ಆ ಅಡುಗೆಮನೆಯಲ್ಲಿ ಮೈದುನ ಶಶಿಧರ ಫೋನಿನ ರಿಸೀವರಿಗೆ ಅಂಗೈ ಮುಚ್ಚಿ ನಿಂತಿದ್ದ. ಆ ಕಡೆ ಟೆಕ್ಸಾಸಿನ ಗ್ಯಾಸ್ ಕಂಪನಿಯವನು ಕಾಯುತ್ತಿದ್ದ. ಡಾಕ್ಟರಾಗಿದ್ದ, ಈಗ ತೀರಿಹೋದ ಗಿರಿಜಾದೇವಿಯ ಗಂಡ ಅಲ್ಲಿ ಕೊಂಡಿದ್ದ ನೆಲದಡಿ ಗ್ಯಾಸು ಸಿಕ್ಕಿತ್ತು. ಆ ಗ್ಯಾಸು ಮಾರಿ ಬಂದ ಹಣದಲ್ಲಿ ಎಂಟನೇ ಒಂದು ಪಾಲು, ಯಾವ ಖರ್ಚನ್ನೂ ಮುರಿದುಕೊಳ್ಳದೆ, ಇವರಿಗೆ ಸೇರಬೇಕೆಂದು ಹಳೆಯ ಕರಾರು. ಈಗ ಕಂಪನಿ ಸಹಿಗಾಗಿ ಹೊಸ ಕಾಗದ ಕಳಿಸಿತ್ತು.

"ಈಗೂ ಎಂಟರಾಗ ಒಂದ, ವೈನಿ. ಪೈಪಿನ ಖರ್ಚು, ಗ್ಯಾಸ್ ಸ್ವಚ್ಛ ಮಾಡೋ ಖರ್ಚು ಮೊದಲ ತಗದು, ಉಳಿದದ್ರಾಗ ಕೊಡ್ತಾರ, ಅಷ್ಟ."

ಗಿರಿಜಾದೇವಿ ಎಂಟು ಶೇಂಗಾ ಹೋಳಿಗೆ ತಟ್ಟೆಗೆ ಹಾಕಿ ಅವನ ಮುಂದೆ ಸರಿಸಿದರು. "ಪೈಪಿಂದು ತಗಿ." ಅವನು ಎರಡು ತೆಗೆದ. "ಸ್ವಚ್ಛ ಮಾಡಿದ್ದು?" ಇನ್ನೆರಡು ತೆಗೆದ. "ಈಗ ನನ್ನ ಎಂಟನೇ ಪಾಲು ಕೊಡು." ಉಳಿದ ನಾಲ್ಕನ್ನು ನೋಡಿ, ಒಂದನ್ನು ಮುರಿದು, ಶಶಿಧರ ಅರ್ಧ ಹೋಳಿಗೆ ಅವರ ಮುಂದೆ ಹಿಡಿದ.

"ಸಹಿ ಮಾಡ್ಲಿಲ್ಲಂದ್ರ ಕೋರ್ಟಿಗೆ ಎಳೀತಾರ, ವೈನಿ. ಭಾಳ ದೊಡ್ಡ ಮಂದಿ."

"ಎಳೀಲಿ ಬಿಡು. ಇಷ್ಟು ವರ್ಷ ಟ್ಯೂಬ್ ರೈಲಿನಾಗ ನಿಂತ ಓಡಾಡೀನಿ. ಕೋರ್ಟಿನಾಗ ಕೂಡ್ರಾಕ ಕುರ್ಚಿನರ ಕೊಡ್ತಾರ."

ಗಿರಿಜಾದೇವಿ ಅವನು ತೆಗೆದದ್ದನ್ನೆಲ್ಲ ತಟ್ಟೆಗೆ ವಾಪಸು ಹಾಕಿದರು. ಇಡೀ ಹೋಳಿಗೆಯೊಂದನ್ನು ಎತ್ತಿ ಕಚ್ಚಿ, ಬಾಯಿ ತುಂಬಿಕೊಂಡೇ ರಿಸೀವರಿಗೆ ಕೈ ಚಾಚಿದರು.

"ಇತ್ತ ಕೊಡು. ನಾನ ಹೇಳ್ತೀನಿ."