ತೊಟ್ಟಿಲ ಕಟ್ಟಿಗೆ

ಒಣಗಿದ ಸೋರೆಬುರುಡೆ ಕೊಯ್ದ ವಾಸನೆ ಬಂದರೆ ಈಗಲೂ ನನಗೆ ಪುಣೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸದಾಶಿವ ಪೇಠೆಯ ನಮ್ಮ ವಾಡೆಯ ಮಾಳಿಗೆಯಲ್ಲಿ ಟಾಂಜಾನಿಯಾದ ವಿದ್ಯಾರ್ಥಿ ಜೋಸೆಫ್ ಇದ್ದ. ತನ್ನೂರಿನ ತಂತಿವಾದ್ಯ ಝೆಝೆ ಮಾಡಲು ಬಡಗಿಯಾದ ಅಪ್ಪನಲ್ಲಿ ಕಟ್ಟಿಗೆ ಕೇಳಿದ. ಹೊಸ ಸಾಗುವಾನಿ ತೋರಿಸಿದರೆ ಬೇಡವೆಂದ. ವಾದ್ಯಕ್ಕೆಂದು ಮರ ಕಡಿಯಬಾರದು, ಮನೆಯಲ್ಲಿ ದುಡಿದ ಕಟ್ಟಿಗೆಯೇ ಆಗಬೇಕು ಎಂದು ಅವನಜ್ಜ ಹೇಳುತ್ತಿದ್ದನಂತೆ.

ಅವ್ವ ಒಳಗೆ ಹೋಗಿ ನನ್ನ ತಮ್ಮನ ತೊಟ್ಟಿಲ ಪಟ್ಟಿ ಬಿಚ್ಚಿ ತಂದಳು. ತಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು.

"ಅದನ್ಯಾಕ ತಂದಿ?" ಅಪ್ಪ ಕೇಳಿದ.

"ಸುಮ್ನ ಬಿದ್ದದ. ಕೊಡ್ರಿ."

ಅಪ್ಪ ಅದನ್ನು ಹೆರೆದುಕೊಟ್ಟ. ಜೋಸೆಫ್ ಒಣ ಸೋರೆಬುರುಡೆ ಕೊಯ್ದು ಅದಕ್ಕೆ ಕಟ್ಟಿ, ತಂತಿ ಬಿಗಿದು ಮೆಲ್ಲಗೆ ಮೀಟಿದ. ಅವ್ವ ಕಣ್ಣು ಮುಚ್ಚಿ ಕೇಳಿದಳು. ಅವನು ನಿಲ್ಲಿಸಿದಾಗ ಅಪ್ಪನ ತೋಳು ಹಿಡಿದಳು.

"ಇನ್ನೊಮ್ಮೆ ಬಾರಿಸು ಅನ್ರಿ. ಕೂಸಿಗೆ ಇನ್ನಾ ನಿದ್ದಿ ಬಂದಿಲ್ಲ."