ಪಾರ್ವತವ್ವನ ಹಾಡು

ಮನೆಯವರ ಮಾತು ಮೀರಿ ಮದುವೆಯಾದ ಮೇಲೆ ಶೈಲಜಾ ಗಂಡನ ಜೊತೆ ತವರಿಗೆ ಕಾಲಿಟ್ಟದ್ದು ಅಂದೇ ಮೊದಲು. ತೀರಿಹೋದ ಅವ್ವ ಹಾಡಿದ್ದ ಡಿಸ್ಕ್ ಹೊಸ ಟಿವಿಯಲ್ಲಿ ಹಾಕಲಾಗದೆ ಅಪ್ಪ ಊಟ ಬಿಟ್ಟು ಕೂತಿದ್ದಾರೆಂದು ಯಾರೋ ಹೇಳಿ ಕಳಿಸಿದ್ದರು.

ಹಳೆಯ ಡಿವಿಡಿ ಪ್ಲೇಯರಿನ ಕೆಂಪು, ಬಿಳಿ, ಹಳದಿ ವಾಯರುಗಳನ್ನು ಸಿಕ್ಕಿಸಲು ಹೊಸ ಟಿವಿಯಲ್ಲಿ ತೂತೇ ಇರಲಿಲ್ಲ. ಅಳಿಯ ಮನೋಹರ ತಾನು ತಂದಿದ್ದ ಸಣ್ಣ ಕನ್ವರ್ಟರನ್ನು ನಡುವೆ ಜೋಡಿಸತೊಡಗಿದ.

“ಟಿವಿ ಸುಟ್ಟಗಿಟ್ಟಾನು, ನಿನ್ನ ಗಂಡಗ ಹೇಳು,” ಎಂದರು ಹಾಲಪ್ಪ ಮಗಳಿಗೆ.

ಶೈಲಜಾ ತುಟಿಯ ಮೇಲೆ ಬೆರಳಿಟ್ಟಳು.

“ನನ್ನ ಮನ್ಯಾಗ ನಾ ಯಾಕ ಸುಮ್ನಿರ್ಲಿ? ಇಂಥಾವನ್ನ ಒಳಗ ಬಿಟ್ಟಿದ್ದ ದೊಡ್ಡದು.”

ಮನೋಹರ ತಲೆ ಎತ್ತಲಿಲ್ಲ. ಕೊನೆಗೆ ಚಿತ್ರ ಮೂಡಿತು. ಹಸಿರು ಸೀರೆಯುಟ್ಟ ಪಾರ್ವತವ್ವ ಮೈಕಿನ ಮುಂದೆ ಕೂತಿದ್ದರು. ಶೈಲಜಾ ಕಣ್ಣೊರೆಸಿಕೊಂಡಳು.

ಹಾಲಪ್ಪ ಸ್ವಲ್ಪ ಹೊತ್ತು ಕಾದರು. “ಧ್ವನಿ ಎಲ್ಲೈತಿ?”

ಮನೋಹರ ರಿಮೋಟಿನಲ್ಲಿ ಧ್ವನಿ ಏರಿಸುವ ಗುಂಡಿ ಒತ್ತಿದ. ಮತ್ತೆ ಮತ್ತೆ ಒತ್ತಿದ.

“ಧ್ವನಿ ಎಲ್ಲೈತಿ ಅಂತ ಕೇಳಾಕತ್ತೀನಿ!” ಹಾಲಪ್ಪ ಎದ್ದು ನಿಂತರು. ಅಳಿಯನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. “ಮಗಳನ್ನ ಕಸ್ಗೊಂಡಿ. ಈಗ ನನ್ನ ಹೆಂಡ್ತಿ ಧ್ವನೀನೂ ನುಂಗಿದ್ಯಲ್ಲೋ ಪಾಪಿ!”

ಮನೋಹರ ರಿಮೋಟ್ ಹಿಡಿದುಕೊಂಡೇ ಹೆಂಡತಿಯನ್ನು ನೋಡಿದ. ಅವಳು ಅಪ್ಪನ ಕಿವಿಗಳನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಎದುರು ಮನೆಯವನು ಬಾಗಿಲಿಗೆ ಬಂದು ಕೂಗಿ ಹೇಳಿದ: “ಅವ್ವಾರ ಹಾಡು ಭಾಳ ಚಂದ ಐತ್ರಿ, ಆದ್ರ ಸ್ವಲ್ಪ ಸಣ್ಣ ಮಾಡ್ರಿ, ನಮ್ಮ ಕೂಸು ಬೆಚ್ಚಿಬಿದ್ದು ಅಳಾಕತ್ತೈತಿ.”