ಊಟ ಆಯ್ತಾ?

ಮಲಾವಿ ದೇಶದಿಂದ ಓದಲು ಬಂದಿದ್ದ ತದಾಲಾ ಸ್ಕಾಲರ್‌ಶಿಪ್ ಕಚೇರಿಯೊಳಗೆ ಕಾಲಿಡುತ್ತಲೇ ಅಧಿಕಾರಿ, "ಬಾಮ್ಮ, ಊಟ ಆಯ್ತಾ?" ಎಂದವರು ಉತ್ತರಕ್ಕೂ ಕಾಯದೆ ಫೈಲು ಬಿಚ್ಚಿದರು. ಅವಳ ಸ್ಕಾಲರ್‌ಶಿಪ್ಪಿನಲ್ಲಿ ಫೀಸು ಸರ್ಕಾರದ್ದು, ಹಾಸ್ಟೆಲ್ ಮೆಸ್ಸಿನ ಊಟದ ಖರ್ಚು ಒಂದು ಖಾಸಗಿ ಕಂಪನಿಯದ್ದು. ಕಂಪನಿಯ ಮ್ಯಾನೇಜರ್ ಪಕ್ಕದಲ್ಲೇ ಮುಖ ಗಂಟಿಕ್ಕಿಕೊಂಡು ಕೂತಿದ್ದರು.

"ಈಕೆ ಬಂದಾಗಿನಿಂದ ಮೆಸ್ಸಿನ ಕಡೆ ತಲೇನೇ ಹಾಕಿಲ್ಲ ಸಾರ್. ಊರಲ್ಲಿ ಇರ್ತಾಳೋ ಇಲ್ವೋ! ಸ್ಕಾಲರ್‌ಶಿಪ್ ನಿಲ್ಲಿಸಿಬಿಡೋಣ."

"ಇಲ್ಲೇ ಇದೀನಿ ಸರ್!" ತದಾಲಾ ಗಾಬರಿಯಾದಳು.

"ಮತ್ತೆ ಊಟ?" ಮ್ಯಾನೇಜರ್ ಕೇಳಿದರು.

ಅವಳ ಮುಖ ಅರಳಿತು. "ಈ ಊರಿನವರು ದೇವರಂಥವರು ಸರ್! ಬೆಳಿಗ್ಗೆ ಹೂವಿನಜ್ಜಿ 'ತಿಂಡಿ ಆಯ್ತಾ' ಅಂತಾರೆ. ಮಧ್ಯಾಹ್ನ ಲೈಬ್ರರಿ ಮೇಡಂ 'ಊಟ ಆಯ್ತಾ' ಅಂತಾರೆ. ರಾತ್ರಿ ವಾಚ್‌ಮನ್ ಅಂಕಲ್ಲೂ ಕೇಳ್ತಾರೆ. ನಾನು 'ಇಲ್ಲ' ಅಂತೀನಿ. 'ಹಾಂ?' ಅಂತ ಇನ್ನೊಂದ್ಸಲ ಕೇಳ್ತಾರೆ. ಆಮೇಲೆ ಮನೆಗೆ ಕರ್ಕೊಂಡು ಹೋಗಿ ಬಡಿಸ್ತಾರೆ!"

ನೀರು ಕುಡಿಯುತ್ತಿದ್ದ ಮ್ಯಾನೇಜರಿಗೆ ನೆತ್ತಿಗೇರಿತು. ಅಧಿಕಾರಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಆಯ್ತು, ಹೋಗಿ ಬಾಮ್ಮ. ನಿನ್ನ ಸ್ಕಾಲರ್‌ಶಿಪ್ ಎಲ್ಲೂ ಹೋಗಲ್ಲ."

ತದಾಲಾ ಕದಲಲಿಲ್ಲ.

"ಇನ್ನೇನಮ್ಮಾ?"

"ಬಂದ ತಕ್ಷಣ ನೀವೂ ಕೇಳಿದ್ರಲ್ಲ ಸರ್? ನಂದು ಇನ್ನೂ ಆಗಿಲ್ಲ."